ಮಣ್ಣು ನೆಕ್ಕುವ ಕಾಕಾ

ನಮ್ಮ ಕಾಕಾ ಮಣ್ಣು ನೆಕ್ಕುತ್ತಾರೆ! ಚಿಕ್ಕಂದಿನಲ್ಲಿ ಎಲ್ಲರೂ ನೆಕ್ಕಿದವರೇ, ಅದರಲ್ಲೇನು ಅಂತೀರಾ? ಸ್ವಾಮಿ, ಇವರು ಶುರು ಮಾಡಿದ್ದು ಅರವತ್ತು ದಾಟಿದ ಮೇಲೆ, ಅದೂ ಮೆಲ್ಬರ್ನಿಗೆ ಬಂದು!

ಧಾರವಾಡದಲ್ಲಿ ಕಾಲೇಜು ಮೇಷ್ಟ್ರಾಗಿದ್ದ ಕಾಕಾ ಈಗ ನಮ್ಮ ಚಿಕ್ಕಮ್ಮ, ಅಂದರೆ ಕಾಕು ಜೊತೆ ಅಲ್ಲಿನ ವಿಂಡಮ್ ವೇಲ್ ಬಡಾವಣೆಯಲ್ಲಿ, ಮಗನ ಮನೆಯಲ್ಲಿದ್ದಾರೆ. ನಾನಿರುವುದು ಸಿಡ್ನಿಯ ಪ್ಯಾರಮಟ್ಟಾದಲ್ಲಿ. ರಜೆಗೆಂದು ಅಲ್ಲಿಗೆ ಹೋದರೆ ಮುಗಿಯಿತು, ಕಾರು ತೆಗೆಸಿ ಯಾರಾ ನದಿ ಕಣಿವೆಯ ದ್ರಾಕ್ಷಿ ತೋಟಗಳಿಗೆ ಹೊರಡಿಸುತ್ತಾರೆ. ವೈನ್ ಕುಡಿಯಲಿಕ್ಕಾ? ಶಿವ ಶಿವಾ! ಗ್ಲಾಸು ಮೂಸಿ ನನ್ನ ಕಡೆ ತಳ್ಳುತ್ತಾರೆ. ಡ್ರೈವರ್ ಆದ ನಾನೂ ಮೂಸಿ ಇಡುತ್ತೇನೆ. ಆಮೇಲೆ ತೋಟಕ್ಕಿಳಿದು ಚಿಟಿಕೆ ಮಣ್ಣು ನಾಲಿಗೆಗೆ!

"ನೋಡು, ಇಲ್ಲಿ ತಗ್ಗಿನ್ಯಾಗ ಬೂದು ಮಣ್ಣು, ಬಿಸಲು ಜಾಸ್ತಿ. ಹಣ್ಣು ಲಗೂನ ಮಾಗ್ತದ, ವೈನ್ ದಪ್ಪ ಬರ್ತದ. ಮ್ಯಾಲೆ ಗುಡ್ಡದಾಗ ಕೆಂಪು ಮಣ್ಣು, ಥಂಡಿ. ಸಾವಕಾಶ ಮಾಗ್ತದ, ಹುಳಿ ಉಳೀತದ."

"ಕುಡೀದ ಹೆಂಗ ಗೊತ್ತಾತು ಕಾಕಾ?"

"ಉಪ್ಪಿಟ್ಟು ಹಳಸೇದ ಅನ್ನಲಿಕ್ಕೆ ತಿನ್ನಬೇಕೇನು? ಮೂಗು ಯಾಕದ?"

ಒಮ್ಮೆ ತೋಟದ ಹುಡುಗಿ ಓಡಿ ಬಂದು, "ಸರ್, ಏನಾದರೂ ಬೇಕಿತ್ತಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಕಾಕಾ ಗಂಭೀರವಾಗಿ, "ಎ ಸ್ಪೂನ್, ಪ್ಲೀಸ್" ಅಂದರು!

ಕೊನೆಗೆ ಮನೆಯ ಹಿತ್ತಲಲ್ಲೇ ಒಂದು ಬಳ್ಳಿ ನೆಟ್ಟರು. ವಿಂಡಮ್ ವೇಲ್‌ನ ಜೇಡಿ ಮಣ್ಣು ಎಂಥದ್ದು? ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಚಳಿಗಾಲದಲ್ಲಿ ಚಪ್ಪಲಿ ಬಿಡುವುದಿಲ್ಲ! ಹತ್ತಿರದಲ್ಲಿ ಗುಡ್ಡವೂ ಇಲ್ಲ. ಕಾಕಾ ಮೊಣಕಾಲೆತ್ತರ ಮಣ್ಣು ಪೇರಿಸಿ, "ಇದೇ ನಮ್ಮ ಗುಡ್ಡ" ಎಂದರು. ಚಿಗುರುವ ಹೊತ್ತಿಗೆ ಇಬ್ಬನಿ ಹೆಪ್ಪುಗಟ್ಟುವ ಚಳಿ ಬಿತ್ತು. ಕಾಕುವಿನ ಇಳಕಲ್ ಸೀರೆ ತಂದು ಬಳ್ಳಿಗೆ ಸುತ್ತಿ, ಸೆರಗನ್ನೂ ಹೊದಿಸಿದರು. ಬೆಳಿಗ್ಗೆ ಬೇಲಿಯಾಚೆಯ ಮುದುಕ ಟೋಪಿ ತೆಗೆದು ಬಳ್ಳಿಗೆ "ಗುಡ್ ಮಾರ್ನಿಂಗ್" ಹೇಳಿದ!

"ನನಗ ಒಂದು ಸ್ವೆಟರ್ ತಂದುಕೊಟ್ಟವರಲ್ಲ!" ಎಂದು ಕಾಕು ವಾರವಿಡೀ ಗೊಣಗಿದರು.

ಮೂರನೇ ವರ್ಷ ಹಣ್ಣು ಬಿಟ್ಟಿತು. ಕಾಕಾ ಅದನ್ನು ಹಿಂಡಿ, ಹುದುಗಿಸಿ ವೈನೂ ಮಾಡಿದರು. ಎಲ್ಲರೂ ಊಟದ ಮೇಜಿನ ಸುತ್ತ ಕೂತೆವು. ಮಗ ಒಂದು ಗುಟುಕು ಕುಡಿದು ಸಿಂಕಿಗೆ ಓಡಿದ. ಮೊಮ್ಮಗಳು ದೂರದಿಂದಲೇ ಮೂಸಿ, "ಅಜ್ಜಾ, ದಿಸ್ ಈಸ್ ವಿನಿಗರ್!" ಅಂದಳು. ನಾನು ಕೆಮ್ಮಿದೆ. ಕಾಕಾನ ಮುಖ ಸಣ್ಣದಾಯಿತು.

ಆಗ, ಏಕಾದಶಿ ತಪ್ಪಿಸದ ನಮ್ಮ ಕಾಕು ಗ್ಲಾಸು ಎಳೆದುಕೊಂಡು ಕುಡಿದೇಬಿಟ್ಟರು! "ಛಲೋ ಆಗೇದ ಬಿಡ್ರಿ."

ಅಡುಗೆಮನೆಯಲ್ಲಿ ಮೆಲ್ಲಗೆ ಕೇಳಿದೆ, "ಕಾಕೂ, ಖರೇನ ಛಲೋ ಇತ್ತೇನು?"

"ಹುಚ್ಚಾ, ಗಂಟಲು ಸುಟ್ಟುಹೋತು!" ನಕ್ಕರು. ಆಮೇಲೆ ದನಿ ಇಳಿಯಿತು. "ಈ ಊರಿಗೆ ಬಂದ ಹೊಸದಾಗ ಅವರು ಮಾತಾಡೂದ ಬಿಟ್ಟಿದ್ರು. ಗ್ವಾಡಿ ಕಡೆ ಮಾರಿ ಮಾಡಿ ಮಲಗಿರತಿದ್ರು. ಈ ಮಣ್ಣಿನ ಹುಚ್ಚು ಹಿಡದು ಎದ್ದು ಕೂತ್ರು. ಬಳ್ಳಿ ನೆಟ್ಟ ಮ್ಯಾಲಂತೂ ಹೊತ್ತು ಹುಟ್ಟೂದ್ರಾಗ ಎದ್ದು ಹಿತ್ತಲಕ್ಕ ಹೋಗ್ತಾರ, ಹಾಡತಾರ."

ಹೊರಗಿನಿಂದ ಕಾಕಾ ಕೂಗಿದರು, "ಏನ, ಇನ್ನೊಂದೀಟು ಹಾಕಲೇನು?"

ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡು ಗ್ಲಾಸು ಹಿಡಿದು ನಡೆದರು. "ತುಂಬ ಹಾಕ್ರಿ!"