ನಾಲ್ಕು ಕುಂಡಗಳ ಸೇವೆ

"ನಿಶ್ಚಿಂತೆಯಿಂದ ಹೋಗಿ ಬಾ. ಗಿಡ ಸಾಕೋದು ನನಗೆ ಹೇಳಿಕೊಡಬೇಕಾ? ನಿನ್ನನ್ನೇ ಸಾಕಿಲ್ಲವಾ!" ಎಂದೆ ಮಗಳಿಗೆ.

ಕಾಲೇಜಿನ ಸಸ್ಯಶಾಸ್ತ್ರದ ಪರೀಕ್ಷೆಗೆಂದು ಅವಳು ಆರು ತಿಂಗಳಿಂದ ಅಡುಗೆಮನೆಯ ಕಿಟಕಿಯಲ್ಲಿ ನಾಲ್ಕು ಕುಂಡ ಬೆಳೆಸಿದ್ದಳು. ಹಾವಸೆ, ಜರಿಗಿಡ, ನರ್ಸರಿಯಿಂದ ತಂದ ಪುಟ್ಟ ಪೈನ್, ಒಂದೇ ಒಂದು ಹೂ ಬಿಟ್ಟ ಲಿಲ್ಲಿ. ಸಸ್ಯಲೋಕದ ನಾಲ್ಕು ದೊಡ್ಡ ಮನೆತನಗಳಂತೆ! ಸೋಮವಾರ ಮೇಡಂಗೆ ತೋರಿಸಿ ಪಾಸಾಗಬೇಕು, ಇಲ್ಲವಾದರೆ ವರ್ಷವೇ ಹೋಯಿತು. ಗೆಳತಿಯ ಮನೆಗೆ ಎರಡು ದಿನ ಓದಲು ಹೊರಟವಳು, "ನೀರು ಹಾಕು, ಅಷ್ಟೇ ಸಾಕಮ್ಮ" ಎಂದಳು.

ಅಷ್ಟೇ ಎಂದರೆ ನನಗೆ ಯಾವತ್ತು ಸಾಕಾಗಿದೆ! ಅವಳು ಗಟ್ಟಿಯಾಗಿ ಓದುವಾಗ ಪಾತ್ರೆ ತೊಳೆಯುತ್ತಾ ಕೇಳಿ ಕೇಳಿಯೇ ಬೇರು, ಕಾಂಡ, ಎಲೆ ಕಲಿತ ವಿದುಷಿ ನಾನು. ಮುಂದಿನ ಪಾಠಕ್ಕೆ ಬರುವಷ್ಟರಲ್ಲಿ ಕುಕ್ಕರ್ ಕೂಗುತ್ತಿತ್ತು, ಅದೊಂದು ಕೊರತೆ.

ಭಾನುವಾರ ದೇವರಿಗೆ ಕೈಮುಗಿದು ಸೇವೆಗೆ ನಿಂತೆ. ಜರಿಗಿಡದ ಎಲೆ ಮಗುಚಿದರೆ, ಅಯ್ಯೋ, ಅಡಿಯಲ್ಲೆಲ್ಲ ಕಂದು ಚುಕ್ಕೆ! ಬೇರಲ್ಲ, ಕಾಂಡವಲ್ಲ, ಎಲೆಯಲ್ಲ. ಅಂದರೆ ಹುಳು!

ಹೊಲಿಗೆ ಯಂತ್ರದ ಮುಂದಿದ್ದ ನಮ್ಮ ಯಜಮಾನರು, ಟೈಲರ್ ಸಾಹೇಬರು, ಕನ್ನಡಕ ಏರಿಸಿ ನೋಡಿದರು. "ಹೊಲಿಗೆ ಹಾಕಿದ ಹಾಗೆ ಸಾಲಾಗಿದೆಯಲ್ಲೇ! ಹುಳಕ್ಕೆ ಇಷ್ಟು ಶಿಸ್ತು ಎಲ್ಲಿಂದ ಬಂತು?"

"ನೀವು ಅಂಗಿಗೆ ಗುಂಡಿ ಹಾಕಿ, ಗಿಡ ನನಗೆ ಬಿಡಿ!"

ಒದ್ದೆ ಬಟ್ಟೆಯಿಂದ ಒಂದೊಂದು ಎಲೆಯನ್ನೂ ಒರೆಸಿದೆ. ಹಾವಸೆಯ ಮೇಲೆ ಕೂದಲಂತೆ ಎದ್ದು ನಿಂತಿದ್ದ ಕಡ್ಡಿಗಳನ್ನು, ತುದಿಯ ಮಣಿಗಳ ಸಮೇತ, ಅವರದೇ ಕತ್ತರಿಯಿಂದ ಸಮ ಮಾಡಿದೆ. ಪೈನ್‌ಗೆ ಒಣ ಮರದ ಉಂಡೆಯೊಂದು ಜೋತುಬಿದ್ದಿತ್ತು. ಪಾಪ, ಎಷ್ಟು ಭಾರವೋ ಎಂದು ಕಿತ್ತು ಬಚ್ಚಲ ಒಲೆಗೆ ಹಾಕಿದೆ. ಲಿಲ್ಲಿ ಹೂವನ್ನು ದೇವರ ಪಟದ ಮುಂದಿಟ್ಟು, "ಮಗು ಪಾಸಾಗಲಪ್ಪಾ" ಎಂದೆ.

ಸಂಜೆ ಮಗಳು ಬಂದಳು. ಕುಂಡ ನೋಡಿದಳು. ಜರಿಗಿಡದ ಎಲೆ ಮಗುಚಿದಳು.

"ಅಮ್ಮಾ, ಆ ಚುಕ್ಕೆ, ಆ ಮಣಿ, ಆ ಉಂಡೆ, ಹೂವು... ಗಿಡಗಳು ಮರಿ ಮಾಡೋದೇ ಅದರಿಂದ! ನಾಳೆ ತೋರಿಸಬೇಕಾಗಿದ್ದದ್ದೂ ಅದನ್ನೇ!"

ಆರು ತಿಂಗಳ ತಪಸ್ಸು, ನನ್ನ ಒಂದು ಬೆಳಗಿನ ಶ್ರದ್ಧೆಗೆ ಬಲಿ!

ತಟ್ಟನೆ ಅವಳ ಮುಖ ಅರಳಿತು. "ಒರೆಸಿದ ಬಟ್ಟೆ ಎಲ್ಲಿ? ಜರಿಗಿಡದ ಚುಕ್ಕೆಯ ಪುಡಿಯಾದರೂ ಅದರಲ್ಲಿ ಇರುತ್ತೆ!"

"ಬಟ್ಟೆಯಾ..." ಎಂದೆ. ಅದು ತಂತಿಯ ಮೇಲೆ ಹಾರಾಡುತ್ತಿತ್ತು. ಕುದಿನೀರಿನಲ್ಲಿ ಎರಡು ಸಲ ಒಗೆದು, ಬೆಳ್ಳಗೆ.

ಸೋಮವಾರ ಅವಳು ಬಾಡಿದ ಲಿಲ್ಲಿ ಹೂವನ್ನು ಡಬ್ಬಿಯಲ್ಲಿಟ್ಟು, ನಾಲ್ಕು ಕುಂಡ ಹೊತ್ತು ಹೋದಳು. ಮರಳಿ ತಂದ ವರದಿಯಲ್ಲಿ ಮೇಡಂ ಕೆಂಪು ಶಾಯಿಯಲ್ಲಿ ಬರೆದಿದ್ದರು: "ಗಿಡಗಳು ಬಹಳ ಆರೋಗ್ಯವಾಗಿವೆ. ವಂಶ ಮಾತ್ರ ನಿಂತಿದೆ. ಮುಂದಿನ ವರ್ಷ ಮತ್ತೆ ಬೆಳೆಸಿ ತರುವುದು."

ಅದರ ಕೆಳಗೆ ಪೋಷಕರ ಸಹಿಗೆ ಜಾಗ. ಮಗಳು ಪೆನ್ನು ಚಾಚಿದಳು. ತಪ್ಪೊಪ್ಪಿಗೆ ಪತ್ರಕ್ಕೆ ಹಾಕುವವಳ ಹಾಗೆ ಸಹಿ ಹಾಕಿದೆ.