ಗಿರಿಧರನ ಗುರಾಣಿ ಗೋಳು

ಯಾರಾದರೂ ಏನಾದರೂ ಕೊಡಲು ಬಂದರೆ ತಟ್ಟನೆ ಕೈ ಚಾಚಬಾರದು ಎಂಬ ಒಳ್ಳೆಯ ಬುದ್ಧಿಯೇ ಆ ಶನಿವಾರ ಗಿರಿಧರನಿಗೆ ಮುಳುವಾಯಿತು.

ಸ್ಯಾನ್ ಡಿಯಾಗೊದ ಟೆಲಿಕಾಂ ಇಂಜಿನಿಯರ್ ಗಿರಿಧರನಿಗೆ ವಯಸ್ಸು ನಲವತ್ತಾರು. ಕೊರೋನಾ ಕಾಲದಲ್ಲಿ ಮನೆಯೊಳಗೆ ಕೂತು ಹಿಡಿದ ಆನ್‌ಲೈನ್ ಆಟದ ಚಟ, ಕೊರೋನಾ ಹೋದರೂ ಹೋಗಲಿಲ್ಲ. ನಾಲ್ಕು ಜನರ ತಂಡ, ಡ್ರ್ಯಾಗನ್ ಬೇಟೆ. ಉಳಿದ ಮೂವರ ಹೆಸರೂ ಜಪಾನೀಸ್ ಲಿಪಿಯಲ್ಲಿ, ಮಾತೂ ಜಪಾನೀಸ್‌ನಲ್ಲಿ. ಇವನು ಇಂಗ್ಲಿಷಿನಲ್ಲಿ ಬರೆದು, ಫೋನಿನ ಟ್ರಾನ್ಸ್‌ಲೇಟರ್‌ನಲ್ಲಿ ಜಪಾನೀಸ್ ಮಾಡಿಸಿ ಅಂಟಿಸುತ್ತಿದ್ದ. ಒಮ್ಮೆ ತಂಡದ ನಾಯಕ, "ನಿಮ್ಮ ಧೈರ್ಯ ನನ್ನ ಹೊಟ್ಟೆಯಲ್ಲಿ ಬೇಯುತ್ತಿದೆ" ಎಂದಿದ್ದ. ಏನೆಂದು ತಿಳಿಯದೆ ಗಿರಿಧರ "ಧನ್ಯವಾದ" ಎಂದಿದ್ದ. ಹೀಗೇ ಎರಡೂವರೆ ವರ್ಷ ಸಂಸಾರ ಸಾಗಿತ್ತು.

ಮನೆಯಲ್ಲಿ ಅವನನ್ನು ಕರೆಯುವುದು ಕಸದ ಡಬ್ಬಿ ರಸ್ತೆಗಿಡಲು ಮಾತ್ರ. ವೀರ ಎಂದು ಕರೆಯುವವರು ಈ ಜಗತ್ತಿನಲ್ಲಿ ಆ ಮೂವರೇ. ಅವರೆಂದರೆ ಅವನಿಗೆ ಪ್ರಾಣ. ಆದರೆ ಆಟದ ಹೊಸ ನಿಯಮದ ಪ್ರಕಾರ, ಅಂದು ಮಧ್ಯಾಹ್ನ ಎರಡು ಗಂಟೆ ಹೊಡೆಯುವುದರೊಳಗೆ ಚಿನ್ನದ ಗುರಾಣಿ ಸಂಪಾದಿಸದವರು ತಂಡದಿಂದ ಹೊರಕ್ಕೆ. ಮೂವರ ಹತ್ತಿರವೂ ಇತ್ತು. ಇಲ್ಲದವನು ಗಿರಿಧರ ಒಬ್ಬನೇ.

ಬೇಟೆ ಜೋರಾಗಿ ನಡೆದಿರುವಾಗಲೇ ಪಕ್ಕದ ಮನೆಯ ಬಾಳಾಸಾಹೇಬರು ಪತ್ನಿ ಪ್ರೇಮವ್ವನ ಜೊತೆ ಒಳಗೆ ಬಂದರು. ಡೈಮಂಡ್ ಬಾರ್ ಎಂಬ ದೂರದ ಊರಿನಲ್ಲಿ ಸಂಜೆ ಒಂದು ನಾಮಕರಣ, ಎಲ್ಲರೂ ಇವನ ಕಾರಿನಲ್ಲೇ ಹೋಗುವುದೆಂದು ಮಾತಾಗಿತ್ತು.

"ಏನ್ರೀ ಗಿರಿಧರ್, ಇಷ್ಟು ದೊಡ್ಡ ಹಲ್ಲಿ ಹೊಡೀಲಿಕ್ಕೆ ಹತ್ತೀರಿ?"

"ಹಲ್ಲಿ ಅಲ್ಲ ಬಾಳಾಸಾಹೇಬ್ರೇ, ಡ್ರ್ಯಾಗನ್. ಎರಡೇ ನಿಮಿಷ ಕೂತ್ಕೊಳ್ಳಿ."

ಮಹಡಿಯಿಂದ ಹೆಂಡತಿ ಮಧುರಾ ಕೂಗಿದಳು: "ಗಿರಿ, ಕಾರ್ ತೆಗೀತೀರಾ ಇಲ್ವಾ? ಟ್ರಾಫಿಕ್‌ನಲ್ಲಿ ಸಿಕ್ಕೊಂಡ್ರೆ ಆ ಮಗು ಸ್ಕೂಲಿಗೆ ಸೇರೋ ಹೊತ್ತಿಗೆ ಮುಟ್ತೀವಿ!"

ಪ್ರೇಮವ್ವ ಜಾಗ ಕಾಣದೆ ಶೇಂಗಾ ಉಂಡಿಯ ಡಬ್ಬಿಯನ್ನು ಕೀಬೋರ್ಡ್ ಮೇಲೆಯೇ ಇಟ್ಟರು. ಪರದೆಯ ಮೇಲೆ ಗಿರಿಧರನ ವೀರ, ಕತ್ತಿ ಬಿಸಾಡಿ ಕೆರೆಗೆ ಹಾರಿದ. ಪುಣ್ಯಕ್ಕೆ ನಾಯಕ ಅವನನ್ನು ಎಳೆದು ದಡ ಸೇರಿಸಿ, ತಾನೇ ಡ್ರ್ಯಾಗನ್ ಕೊಂದ. ಗುರಾಣಿ ಥಳಥಳ ಹೊಳೆಯುತ್ತಾ ಬಿತ್ತು. "ಇದು ನಿಮಗೆ, ದಯವಿಟ್ಟು ಸ್ವೀಕರಿಸಿ" ಎಂದು ನಾಯಕ ಬರೆದ. ಮೂರು ನಿಮಿಷದಲ್ಲಿ ಎತ್ತಿಕೊಳ್ಳದಿದ್ದರೆ ಗುರಾಣಿ ಮಾಯ.

ಗಿರಿಧರ ಕೈಯೆತ್ತಿದ್ದೇ ತಡ, ಬಾಳಾಸಾಹೇಬರು ಮಣಿಕಟ್ಟು ಹಿಡಿದರು.

"ತಡೀರಿ! ಒಮ್ಮಿಗೇ ತಗೊಂಡ್ರ ಹೊಟ್ಟಿಬಾಕ ಅಂತಾರ. ನಾ ಮೂರು ತಿಂಗಳು ಜಪಾನಿನ ಒಸಾಕಾದಾಗ ಇದ್ದವ. ಅವ್ರೂ ನಮ್ಮಂಗ. ಮೂರು ಸಲ ಬ್ಯಾಡ ಅನ್ನಬೇಕು, ನಾಕನೇ ಸಲಕ್ಕ ತಗೋಬೇಕು."

"ಹೌದ್ರೀ," ಎಂದರು ಪ್ರೇಮವ್ವ. "ಮೊನ್ನೆ ನಿಮ್ಮ ಮನ್ಯಾಗ ನಾ ಎಷ್ಟು ಸಲ ಚಹಾ ಬ್ಯಾಡ ಅಂದೆ? ಕಡೀಕ ಎರಡು ಕಪ್ ಕುಡೀಲಿಲ್ಲೇನು?"

ಮಾತು ನ್ಯಾಯವೇ ಅನ್ನಿಸಿತು. ಅವನು "ಬೇಡ, ಬೇಡ" ಎಂದು ಬರೆಸಿದ. "ನಿಜವಾಗಿಯೂ ಬೇಡವೇ?" ಎಂದ ನಾಯಕ. "ನನಗೆ ಅಷ್ಟು ಯೋಗ್ಯತೆ ಇಲ್ಲ" ಎಂದ ಗಿರಿಧರ. ಆಮೇಲೆ ಮೂರನೇ ಸಲ ಕೇಳಲಿ ಎಂದು ಪರದೆ ನೋಡುತ್ತಾ ಕೂತ.

"ಕೇಳ್ತಾರ, ಕೇಳ್ತಾರ, ಗಡಬಡಿ ಮಾಡಬ್ಯಾಡ್ರಿ," ಎಂದು ಬಾಳಾಸಾಹೇಬರು ಉಂಡಿ ಬಾಯಿಗಿಟ್ಟರು.

ಯಾರೂ ಕೇಳಲಿಲ್ಲ. ಗುರಾಣಿ ಮಾಯವಾಯಿತು, ಗಂಟೆ ಎರಡಾಯಿತು, ತಂಡದ ಪಟ್ಟಿಯಿಂದ ಗಿರಿಧರನ ಹೆಸರೂ ಅಳಿಸಿಹೋಯಿತು. ಪಾಪ, ಅವನಿಗೆ ಅಳುವೇ ಬಂತು. ಟ್ರಾನ್ಸ್‌ಲೇಟರ್ ಮರೆತು ನಾಯಕನಿಗೆ ನೇರ ಇಂಗ್ಲಿಷಿನಲ್ಲೇ ಕುಟ್ಟಿದ: "ನನಗೆ ಅದು ಬೇಕಿತ್ತು! ಇನ್ನೊಂದು ಸಲ ಕೇಳೋಕೆ ನಿಮಗೇನಾಗಿತ್ತು?"

ಕೊಂಚ ಹೊತ್ತಿಗೆ ಇಂಗ್ಲಿಷಿನಲ್ಲೇ ಉತ್ತರ ಬಂತು: "ನಿಮಗೆ ಇಂಗ್ಲಿಷ್ ಬರುತ್ತಾ?!"

ನಾಯಕ ಇಲ್ಲೇ ಕ್ಯಾಲಿಫೋರ್ನಿಯಾದ ವೆಸ್ಟ್ ಕೊವಿನಾದಲ್ಲಿ ಹಲ್ಲಿನ ಡಾಕ್ಟರಂತೆ. ಇನ್ನಿಬ್ಬರು ಅಲ್ಲೇ ಹತ್ತಿರದ ರೆಡೊಂಡೊ ಬೀಚಿನ ಅಕ್ಕತಂಗಿಯರಂತೆ. ಜಪಾನೀಸ್ ಹೆಸರುಗಳು ಬರೀ ಶೋಕಿಗೆ.

"ಮೊದಲ ದಿನ ನೀವು ಒಬ್ಬೊಬ್ಬರ ಮುಂದೂ ನಿಂತು ತಲೆ ಬಾಗಿಸಿದಿರಿ. ಜಪಾನಿನವರೇ ಅಂದುಕೊಂಡು, ನಿಮಗೆ ಬೇಜಾರಾಗಬಾರದೆಂದು ಎರಡೂವರೆ ವರ್ಷ ಟ್ರಾನ್ಸ್‌ಲೇಟರ್ ಹಿಡಿದು ಒದ್ದಾಡಿದೆವು. ಎರಡು ಸಲ ಬೇಡ ಅಂದ ಜಪಾನಿನವರನ್ನು ಮೂರನೇ ಸಲ ಕೇಳಿದರೆ ಅವಮಾನ ಅಂತ ಯಾರೋ ಹೇಳಿದ್ದರು. ಅದಕ್ಕೇ ಸುಮ್ಮನಾದೆ."

"ಹಾಗಾದರೆ ನನ್ನ ವಾಪಸ್ ಸೇರಿಸಿಕೊಳ್ಳಿ!"

"ನಿಮ್ಮ ಜಾಗಕ್ಕೆ ಆಟವೇ ಬೇರೆಯವರನ್ನು ಹಾಕಿಬಿಟ್ಟಿದೆ. ಆದರೆ ನಿಮಗೊಂದು ವಿಶೇಷ ಹುದ್ದೆ ಕೊಡಬಹುದು. ಒಪ್ಪಿಗೆಯೇ?"

ಬಾಳಾಸಾಹೇಬರು ಬಾಯಿ ತೆರೆಯುವ ಮೊದಲೇ ಗಿರಿಧರ "ಒಪ್ಪಿದೆ! ಒಪ್ಪಿದೆ!" ಎಂದು ಒತ್ತಿಬಿಟ್ಟ. ಜೀವನದಲ್ಲಿ ಮೊದಲ ಸಲ ಕೇಳಿದಾಕ್ಷಣ ಹೂಂ ಅಂದಿದ್ದ.

"ಬದುಕಿಸಿದಿರಿ!" ಎಂದು ಬಂತು ಉತ್ತರ. "ಹೊಸಬರು ನಿಜವಾಗಿಯೂ ಜಪಾನಿನ ನಗೋಯಾದವರು. ಒಂದಕ್ಷರ ಇಂಗ್ಲಿಷ್ ಬರಲ್ಲ. ನಿಮ್ಮ ಜಪಾನೀಸ್ ನಮ್ಮೆಲ್ಲರಿಗಿಂತ ಚೆನ್ನ. ಇನ್ನು ಮುಂದೆ ನಾವು ಆಡುತ್ತೇವೆ, ನೀವು ಹೊರಗೆ ಕೂತು ಅವರಿಗೆ ಟ್ರಾನ್ಸ್‌ಲೇಟ್ ಮಾಡಿಕೊಡಿ."

ಡೈಮಂಡ್ ಬಾರ್‌ವರೆಗೂ ಮಧುರಾಳೇ ಕಾರು ಓಡಿಸಿದಳು. ಗಿರಿಧರ ಹಿಂದಿನ ಸೀಟಿನಲ್ಲಿ ಆಟಕ್ಕೊಂದು, ಟ್ರಾನ್ಸ್‌ಲೇಟರ್‌ಗೊಂದು ಎಂದು ಎರಡು ಫೋನ್ ಹಿಡಿದು ಕೂತಿದ್ದ. ನಗೋಯಾದ ಪುಣ್ಯಾತ್ಮ ಬಂದ ಹತ್ತೇ ನಿಮಿಷಕ್ಕೆ ಒಂದು ಚಿನ್ನದ ಗುರಾಣಿ ಗೆದ್ದಿದ್ದ. ಅವನಿಗೆ ತಂಡದ ಪರವಾಗಿ ಅಭಿನಂದನೆಯ ಮಾತನ್ನು ಗಿರಿಧರನೇ ಬರೆಯಬೇಕಾಗಿತ್ತು.