ಈ-ಮೇಲ್ ಹುಲಿ-ಕುರಿಯ ಎಂಟನೆಯ ನಿಯಮ

ಇಸವಿ ೧೯೯೯, ಶ್ರಾವಣದ ಮೊದಲ ಶುಕ್ರವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಸ್ಥಳ: ಚಿಕ್ಕೋಡಿ, ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು: ನಾನು, ನನ್ನ ಹೆಂಡತಿ ಸುಮಿತ್ರಾ ಮತ್ತು ಮಣೆಯ ಮೇಲೆ ಮೂರು ಹುಲಿ, ಹತ್ತು ಕುರಿ. ಕುರಿಗಳು ಮೊದಲು ಹದಿನೈದು ಇದ್ದವು. ಉಳಿದ ಐದನ್ನು ನಿಪ್ಪಾಣಿಯಲ್ಲಿರುವ ನನ್ನ ಹೆಂಡತಿಯ ತಮ್ಮ ಬಾಳಾಸಾಹೇಬ, ಅಂದರೆ ನಮ್ಮ ಬಾಳು, ಈ-ಮೇಲಿನ ಮೂಲಕ ತಿಂದಿದ್ದ.

ನಿಯಮ ಬರೆಯುವುದು ಕೆಲವರಿಗೆ ತಂಬಾಕಿನ ಹಾಗೆ. ಒಮ್ಮೆ ಹತ್ತಿತೆಂದರೆ ಬಿಡುವುದಿಲ್ಲ. ನನಗೆ ಹತ್ತಿದ್ದು ರೈಲ್ವೆಯಲ್ಲಿ. ರಾಯಬಾಗ ಕಡೆಯ ಒಂದು ಸಣ್ಣ ಸ್ಟೇಷನ್ನಿನಲ್ಲಿ ಮಾಸ್ತರನಾಗಿ ನಿವೃತ್ತನಾದವನು ನಾನು. ಮುಂದಿನ ಸ್ಟೇಷನ್ನಿನವನು ದಾರಿ ಖಾಲಿ ಇದೆ ಎಂದು ಹೇಳಬೇಕು, ನಾನು ಅದನ್ನು ತಿರುಗಿ ಹೇಳಬೇಕು, ಅವನು ಒಂದು ಗುಪ್ತ ಸಂಖ್ಯೆ ಕೊಡಬೇಕು, ನಾನು ಅದನ್ನು ರಿಜಿಸ್ಟರಿನಲ್ಲಿ ಬರೆಯಬೇಕು. ಆಮೇಲೆಯೇ ಗಾಡಿ ಹೊರಡಬೇಕು. ಹೀಗೆ ಬದುಕಿದವನು ಮನೆಗೆ ಬಂದು ಕುಳಿತರೆ ಏನಾಗುತ್ತದೆ? ನಮ್ಮ ಬಚ್ಚಲ ಬಾಗಿಲಿಗೆ ಟವೆಲ್ ಒಣಗಿಸುವ ಕ್ರಮದ ಪಟ್ಟಿ ಅಂಟಿತು. ಗ್ಯಾಸ್ ಸಿಲಿಂಡರ್ ಬದಲಿಸಿದ ದಿನ ಗೋಡೆಯ ಮೇಲೆ ದಾಖಲಾಯಿತು. ಸುಮಿತ್ರಾ ಮಾತ್ರ ಯಾವ ನಿಯಮವನ್ನೂ ಬರೆದಿಡಲಿಲ್ಲ. ಆದರೂ ಊಟ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಇದು ಹೇಗೆ ಸಾಧ್ಯ ಎಂದು ನಾನು ವಿಚಾರಿಸಿದವನಲ್ಲ.

ಹುಲಿ-ಕುರಿ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಬೆಟ್ಟದ ಆಕಾರದಲ್ಲಿ ಗೆರೆ ಎಳೆದರೆ ಇಪ್ಪತ್ಮೂರು ಮನೆಗಳಾಗುತ್ತವೆ. ಹುಲಿಯವನು ಕುರಿಯನ್ನು ಹಾರಿ ತಿನ್ನಬೇಕು, ಕುರಿಯವನು ಹುಲಿಯನ್ನು ಸುತ್ತುಗಟ್ಟಿ ಅಲುಗಾಡದಂತೆ ಮಾಡಬೇಕು. ಕವಡೆ ಉರುಳಿಸುವುದಿಲ್ಲ, ದೈವದ ಮೇಲೆ ಹಾಕುವುದಿಲ್ಲ, ತಪ್ಪಿದರೆ ತಪ್ಪು ನಿಮ್ಮದೇ. ಆದ್ದರಿಂದಲೇ ಜಗಳಕ್ಕೆ ಇದಕ್ಕಿಂತ ಒಳ್ಳೆಯ ಆಟ ಇನ್ನೊಂದಿಲ್ಲ. ಹತ್ತು ವರ್ಷಗಳ ಹಿಂದೆ ನಾಗರ ಪಂಚಮಿಗೆ ತವರಿಗೆ ಹೋಗಿದ್ದ ಸುಮಿತ್ರಾಳನ್ನು ಕರೆತರಲು ನಾನು ನಿಪ್ಪಾಣಿಗೆ ಹೋದಾಗ ಬಾಳು ಮತ್ತು ನಾನು ಆಡಲು ಕುಳಿತೆವು. ಅವನು ಕುರಿ, ನಾನು ಹುಲಿ. ಒಂದು ಕುರಿಯನ್ನು ಇಟ್ಟು ಬೆರಳು ತೆಗೆದವನು "ಅರೇ, ಬ್ಯಾಡ ಬ್ಯಾಡ" ಎಂದು ಮತ್ತೆ ಎತ್ತಿಕೊಂಡ. ಬೆರಳು ತೆಗೆದ ಮೇಲೆ ಗಾಡಿ ಹೊರಟ ಹಾಗೆ ಎಂದೆ.

"ದಾಜಿ, ಇದು ಆಟಾ ಐತಿ. ನಿಮ್ಮ ರೇಲ್ವೆ ಅಲ್ಲ" ಎಂದ ಬಾಳು. ಅಕ್ಕನ ಗಂಡನನ್ನು ಆ ಕಡೆ ದಾಜಿ ಎನ್ನುತ್ತಾರೆ.

"ಆಟದಾಗ ಶಿಸ್ತು ಇಲ್ಲದಾಂವಗ ಸಂಸಾರದಾಗೂ ಇರೂದಿಲ್ಲ" ಎಂದೆ ನಾನು. ಅವನಿಗೆ ಮದುವೆಯಾಗಿ ಆಗ ಬರಿಯ ಮೂರು ತಿಂಗಳು. ಒಳಗೆ ಅವನ ಹೆಂಡತಿ ಹೋಳಿಗೆ ಬಡಿಸುತ್ತಿದ್ದಳು. ಮುಂದೆ ಯಾರು ಏನೆಂದರು ಎಂಬುದಕ್ಕೆ ದಾಖಲೆಯಿಲ್ಲ. ನಾನು ಹೋಳಿಗೆ ತಿನ್ನದೆ ಬಸ್ ಹತ್ತಿದೆ, ಅಷ್ಟು ಖಚಿತ.

ಅಲ್ಲಿಂದ ಒಂಬತ್ತು ಪಂಚಮಿ ಬಂದುಹೋದವು. ನಮ್ಮ ಕಡೆ ಪಂಚಮಿಗೆ ಹೆಣ್ಣುಮಗಳನ್ನು ಕರೆದೊಯ್ಯಲು ತವರಿನಿಂದ ಅಣ್ಣನೋ ತಮ್ಮನೋ ಬರಬೇಕು. ತಾನಾಗಿ ಹೋದವಳನ್ನು ಯಾರೂ ಹೊರಹಾಕುವುದಿಲ್ಲ. ಆದರೆ ಕರೆಯಲು ಬಂದರೆ ಮಾತ್ರ ಅದು ಪಂಚಮಿ. ಬಾಳು ಬರಲಿಲ್ಲ. ಸುಮಿತ್ರಾ ಪ್ರತಿವರ್ಷ ಶೇಂಗಾ ಉಂಡಿ ಕಟ್ಟಿ ಡಬ್ಬಿಗೆ ತುಂಬಿದಳು, ಜೋಳದ ಅಳ್ಳು, ಅಂದರೆ ಅರಳು, ಹುರಿದಳು, ಚೀಲವನ್ನೂ ಸಿದ್ಧಮಾಡಿಟ್ಟಳು. ಪಂಚಮಿ ಮುಗಿದ ಮರುದಿನ ಸೀರೆಗಳನ್ನು ತಿರುಗಿ ಕಪಾಟಿನಲ್ಲಿಟ್ಟಳು. ಒಂದು ಮಾತು ಆಡಲಿಲ್ಲ. ಆಡಿದ್ದರೆ ನಾನು ಉತ್ತರ ಕೊಡುತ್ತಿದ್ದೆ.

ಈ ಬೇಸಿಗೆಯಲ್ಲಿ ಅಥಣಿಯ ಒಂದು ಮದುವೆಯಲ್ಲಿ ಅವಳು ನಮ್ಮಿಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ, ನಡುವೆ ತಾನು ಕುಳಿತಳು. ನಾನು ಎಡಕ್ಕೆ ನೋಡಿದೆ, ಬಾಳು ಬಲಕ್ಕೆ ನೋಡಿದ. "ಇಬ್ರೂ ಒಂದ್ ಆಟಾ ಜಗಳಿಲ್ಲದ ಆಡ್ರಿ. ಆಮ್ಯಾಲ ನೀ ನನ್ನ ಪಂಚಮಿಗೆ ಕರಿಯಾಕ ಬಾ" ಎಂದಳು ತಮ್ಮನಿಗೆ. ಬಾಳು ತನ್ನ ಎಲೆಯನ್ನೇ ನೋಡುತ್ತ, "ಎದುರಾಬದುರು ಕುಂತ್ರ ಜಗಳಾ ಆಕ್ಕಾವ ಅಕ್ಕಾ. ನಮ್ಮ ಆಫೀಸಿನ್ಯಾಗ ಈ-ಮೇಲ್ ಬಂದೈತಿ. ಬರದು ಆಡೂಣು" ಎಂದ. ಅವನು ಒಂದು ತಂಬಾಕಿನ ವಖಾರಿಯಲ್ಲಿ, ಅಂದರೆ ಗೋದಾಮಿನಲ್ಲಿ, ಗುಮಾಸ್ತ. ಬರೆಯುವುದು ಎಂದ ಕೂಡಲೇ ನಾನು ಒಪ್ಪಿದೆ. ಈ ಸಲ ಹುಲಿ ಅವನದು, ಕುರಿ ನನ್ನದು. ಚಿಕ್ಕೋಡಿಯಿಂದ ನಿಪ್ಪಾಣಿಗೆ ಬಸ್ಸಿನಲ್ಲಿ ಒಂದು ತಾಸು. ಇಷ್ಟು ಹತ್ತಿರದವರಿಗೆ ಈ-ಮೇಲ್ ಯಾಕೆ ಎಂದು ಆ ಪಂಕ್ತಿಯಲ್ಲಿ ಒಬ್ಬರೂ ಕೇಳಲಿಲ್ಲ.

ಎದುರಿಗೆ ಕುಳಿತು ಆಡುವ ಆಟವನ್ನು ಕಾಗದಕ್ಕೆ ಇಳಿಸುವುದು ಸುಲಭವಲ್ಲ. "ಇಲ್ಲಿ" ಎಂದು ಬೆರಳು ತೋರಿಸಲಾಗದು, ಆದ್ದರಿಂದ ಪ್ರತಿ ಮನೆಗೂ ಸಂಖ್ಯೆ ಬೇಕು. ಇದು ಮೊದಲನೆಯ ನಿಯಮ. ನಾನು ಬೆಟ್ಟದ ತುದಿಯಿಂದ ಕೆಳಕ್ಕೆ ಎಣಿಸಿದೆ. ಬಾಳು ಬುಡದಿಂದ ಮೇಲಕ್ಕೆ ಎಣಿಸಿದ. ಎರಡು ವಾರ ನಾನು ನನ್ನ ಆಟವನ್ನು, ಅವನು ಅವನ ಆಟವನ್ನು ಗೆಲ್ಲುತ್ತ ಹೋದೆವು. ಅವನ ಹುಲಿಯೊಂದು ನನ್ನ ಮಣೆಯಲ್ಲಿ ಗೆರೆಯೇ ಇಲ್ಲದ ಕಡೆ ಜಿಗಿದಾಗ ವಿಷಯ ಹೊರಬಿತ್ತು. ಆಗ ನಕಾಶೆ ಬರೆದು, ಕಾರ್ಬನ್ ಪ್ರತಿ ತೆಗೆದು, ಅಂಚೆಯಲ್ಲಿ ಕಳಿಸಿ ಹೊಸದಾಗಿ ಆರಂಭಿಸಿದೆವು. ಎರಡನೆಯದು ವೇಳಾಪಟ್ಟಿ: ಬಾಳು ಸೋಮವಾರ ಮತ್ತು ಗುರುವಾರ, ನಾನು ಮಂಗಳವಾರ ಮತ್ತು ಶುಕ್ರವಾರ. ಮುಂದಿನವು ರೈಲ್ವೆಯವು: ಎದುರಾಳಿಯ ನಡೆಯನ್ನು ತಿರುಗಿ ಬರೆಯಬೇಕು, ಗುಪ್ತ ಸಂಖ್ಯೆ ಕೊಡಬೇಕು, ಕಳಿಸಿದ ನಡೆಯನ್ನು ಹಿಂದಕ್ಕೆ ಪಡೆಯುವಂತಿಲ್ಲ, ಇತ್ಯಾದಿ.

ಎಂಟನೆಯ ನಿಯಮಕ್ಕೆ ಕಾರಣ ಬಾಳುವಿನ ಮೊದಲ ಪತ್ರ. ನಿಪ್ಪಾಣಿಯ ಬಿಸಿಲು, ಹಲ್ಲುನೋವು, ಮಗಳ ಶಾಲೆ ಎಲ್ಲ ಮುಗಿದ ಮೇಲೆ ಒಂಬತ್ತನೆಯ ಸಾಲಿನಲ್ಲಿ ಹುಲಿ ಕಾಣಿಸಿಕೊಂಡಿತು. ಸಿಗ್ನಲ್ ಕೊಡುವಾಗ ಯಾರಾದರೂ ಹಲ್ಲುನೋವಿನ ಸುದ್ದಿ ಹೇಳುತ್ತಾರೆಯೇ? ಬರೆದೆ: "ಮೊದಲ ಸಾಲಿನಲ್ಲಿ ನಡೆ ಮಾತ್ರ ಇರತಕ್ಕದ್ದು. ಅದರ ಕೆಳಗಿನ ಯಾವುದನ್ನೂ ಗಣನೆಗೆ ತೆಗೆದುಕೊಳ್ಳಲಾಗದು." ಆ ಮೊದಲ ಪತ್ರದಿಂದಲೇ ಇದು ಜಾರಿಗೆ ಬಂತು.

ನಮ್ಮೂರಿನಲ್ಲಿ ಈ-ಮೇಲ್ ಇದ್ದುದು ಶೋಭಕ್ಕನ ಟೈಪಿಂಗ್ ಕ್ಲಾಸಿನಲ್ಲಿ. ಹನ್ನೆರಡು ಟೈಪ್‌ರೈಟರುಗಳ ಮೂಲೆಯಲ್ಲಿ ಒಂದು ಕಂಪ್ಯೂಟರ್, ಅದರ ಮೇಲೆ ಕಸೂತಿ ಹಾಕಿದ ಬಟ್ಟೆ. ಶೋಭಕ್ಕ ಪತ್ರವನ್ನು ಮುದ್ರಿಸಿ ಕೊಡುತ್ತಿದ್ದಳು. ನಾನು ಅವಳ ಕತ್ತರಿಯಿಂದಲೇ ಮೊದಲ ಸಾಲನ್ನು ಕತ್ತರಿಸಿಕೊಂಡು, ಕೆಳಗಿನದನ್ನು ಓದದೆ ಕಸದ ಬುಟ್ಟಿಗೆ ಹಾಕುತ್ತಿದ್ದೆ. "ಮಾಸ್ತರ್ರ, ಕೆಳಗೂ ಏನೋ ಐತ್ರಿ" ಎಂದಳು ಮೊದಲ ಸಲ. "ಅದು ನಿಯಮದಾಗ ಬರೂದಿಲ್ಲ" ಎಂದೆ. ಅಂದಿನಿಂದ ಅವಳು ಪತ್ರದ ಜೊತೆಗೇ ಕತ್ತರಿಯನ್ನೂ ಮುಂದಿಡತೊಡಗಿದಳು. ಮನೆಗೆ ಬಂದು ಆ ಪಟ್ಟಿಯನ್ನು ರಿಜಿಸ್ಟರಿಗೆ ಅಂಟಿಸುವಾಗ ನನಗೆ ನನ್ನ ಪ್ರಾಮಾಣಿಕತೆಯ ಬಗ್ಗೆಯೇ ಗೌರವ ಹುಟ್ಟುತ್ತಿತ್ತು.

"ಬಾಳು ಏನ್ ಬರದಾನ್ರಿ?" ಎಂದು ಸುಮಿತ್ರಾ ಕೇಳುತ್ತಿದ್ದಳು.

"ಒಂಬತ್ತರಿಂದ ಹನ್ನೊಂದು."

"ಮತ್ತ?"

"ಮತ್ತೇನಿಲ್ಲ."

ಆ ಶುಕ್ರವಾರವೂ ಮಣೆಯನ್ನು ಪರಿಶೀಲಿಸಿ ನಾನು ಎದ್ದೆ. ಸೋಮವಾರ ಪಂಚಮಿ. ಸುಮಿತ್ರಾ ಉಂಡಿಯ ಡಬ್ಬಿಯ ಮುಚ್ಚಳ ಒತ್ತುತ್ತ ಕುಳಿತಿದ್ದಳು. "ಆಟಾ ಜಗಳಿಲ್ಲದ ನಡದೈತಿ ಅಲ್ಲರಿ? ಮತ್ತ ಅಂವಾ ಯಾಕ ಬರವಲ್ಲ?" ಎಂದಳು. ಫೋನ್ ಮಾಡಿ ಕೇಳು ಎಂದೆ. "ತವರಿಗೆ ಕರೀರಿ ಅಂತ ನಾನ ಬಾಯಿಬಿಟ್ಟು ಕೇಳಲ್ಯಾ? ಅದಕ್ಕಿಂತ ಹೋಗದ ಇರೂದ ಚಂದ" ಎಂದು ಅಳ್ಳಿಗೆ ಜೋಳ ಹುರಿಸಲು ಭಟ್ಟಿಗೆ ಹೊರಟಳು. ಭಟ್ಟಿ ಇರುವುದು ಟೈಪಿಂಗ್ ಕ್ಲಾಸಿನ ಪಕ್ಕದಲ್ಲಿ. ಹೀಗಾಗಿ ಮೊದಲ ಸಲ ಅವಳು ನನ್ನ ಜೊತೆ ಶೋಭಕ್ಕನಲ್ಲಿಗೆ ಬಂದಳು.

ಪತ್ರ ಬಂದಿತ್ತು. ನಾನು ಕತ್ತರಿ ಆಡಿಸಿದೆ. ಕೆಳಗಿನ ಭಾಗ ಬುಟ್ಟಿಗೆ ಬೀಳುವ ಮೊದಲೇ ಸುಮಿತ್ರಾ ಹಿಡಿದಳು. ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದದ್ದು. ಅವಳಿಗೆ ಆ ಅಕ್ಷರ ಬಾರದು. "ಶೋಭಕ್ಕಾ, ಇದರಾಗ ಏನೈತಿ, ಓದಬೇ" ಎಂದಳು.

ಶೋಭಕ್ಕ ನನ್ನ ಮುಖ ನೋಡಿದಳು, ಆಮೇಲೆ ಸುಮಿತ್ರಾಳ ಮುಖ ನೋಡಿದಳು, ಓದಿದಳು: "ದಾಜಿ, ಇದು ನಾಕನೇ ಸಲ ಕೇಳಾಕತ್ತೇನಿ. ಅಕ್ಕನ್ನ ಪಂಚಮಿಗೆ ಕರಿಯಾಕ ಎಂದ ಬರ್ಲಿ? ನೀವು ಹೂಂ ಅನ್ನವಲ್ರಿ, ಊಹೂಂ ಅನ್ನವಲ್ರಿ. ಹಳೇ ಸಿಟ್ಟು ಇನ್ನೂ ಇದ್ರ ಹಂಗರೆ ಬರೀರಿ. ಕರೀದ ಬಂದ್ರ ನೀವು ಬಾಗಲಾ ಮುಚ್ಚಿದ್ರಿ ಅಂದ್ರ ಅಕ್ಕಗ ತ್ರಾಸ ಆಕ್ಕೈತಿ."

ಪಕ್ಕದ ಟೈಪ್‌ರೈಟರುಗಳು ಒಂದೊಂದಾಗಿ ನಿಂತವು.

"ಎಷ್ಟು ಕಾಗದಾ ಹರದ್ರಿ?" ಎಂದಳು ಸುಮಿತ್ರಾ.

"ಹರಿದಿಲ್ಲ, ಕತ್ತರಿಸೇನಿ."

"ಎಷ್ಟು?"

"ಇದು ಸೇರಿ ಇಪ್ಪತ್ತೆರಡು."

"ಚಿಂತಿ ಮಾಡಬ್ಯಾಡ್ರಿ ವೈನಿ" ಎಂದಳು ಶೋಭಕ್ಕ, "ಬುಟ್ಟಿ ತುಂಬಿದ್ರೂ ಮಷಿನ್ಯಾಗ ಎಲ್ಲಾ ಹಂಗ ಇರ್ತಾವ." ಇಪ್ಪತ್ತೆರಡನ್ನೂ ಮತ್ತೆ ಮುದ್ರಿಸಲು ಮುಕ್ಕಾಲು ತಾಸು ಹಿಡಿಯಿತು. ಅವಳು ಗಟ್ಟಿಯಾಗಿ ಓದುತ್ತ ಹೋದಳು. ಬಾಳು ಜೂನಿನಲ್ಲಿ ಹಲ್ಲು ಕೀಳಿಸಿಕೊಂಡಿದ್ದ. ಅವನ ಮಗಳು ಶಾಲೆಯಲ್ಲಿ ಓಟದಲ್ಲಿ ಎರಡನೆಯವಳಾಗಿದ್ದಳು. ಸುಮಿತ್ರಾ ಒಂದಕ್ಕೆ ನಕ್ಕಳು, ಇನ್ನೊಂದಕ್ಕೆ ಸೆರಗಿನಿಂದ ಮೂಗು ಒರೆಸಿಕೊಂಡಳು, ನನ್ನ ಕಡೆ ಮಾತ್ರ ತಿರುಗಲಿಲ್ಲ. ಒಂದು ಪತ್ರದಲ್ಲಿ ಹೀಗಿತ್ತು: "ದಾಜಿ, ಹದಿನಾಕರ ಕುರಿ ಬಾಯಾಗ ಬಂದೈತಿ. ಬ್ಯಾರೆ ಕಡೆ ಇಡ್ರಿ, ನಾ ತಿನ್ನಾಂಗಿಲ್ಲ. ಮುಂದಿನ ಸಲ ತನಕ ಕಾಯ್ತೀನಿ." ಅವನು ಒಂದು ಸರದಿ ಕಾದಿದ್ದ. ನಾನು ಅದನ್ನು ಅವನ ಹೆದರಿಕೆ ಎಂದು ತಿಳಿದು ಹಿಗ್ಗಿದ್ದೆ. ಕೊನೆಗೆ ವಿಧಿಯಿಲ್ಲದೆ ತಿಂದಿದ್ದ. ಐದು ಕುರಿಗಳಲ್ಲಿ ಮೂರನ್ನು ಹೀಗೆ ಅವನು ಬಿಟ್ಟುಕೊಡಲು ಬಂದಿದ್ದ. ನಾನೇ ಒತ್ತಾಯ ಮಾಡಿ ತಿನ್ನಿಸಿದ್ದೆ.

ಈಗ ಉತ್ತರ ಬರೆದರೆ ವೇಳಾಪಟ್ಟಿಯ ಪ್ರಕಾರ ಬಾಳು ಅದನ್ನು ನೋಡುವುದು ಸೋಮವಾರ, ಅಂದರೆ ಪಂಚಮಿಯ ದಿನವೇ. ರೈಲ್ವೆಯಲ್ಲಿ ತಂತಿ ಕೆಟ್ಟರೆ ಮನುಷ್ಯನನ್ನೇ ಓಡಿಸುತ್ತಿದ್ದೆವು. ನಾನು ಎದುರಿನ ಎಸ್‌ಟಿಡಿ ಬೂತಿಗೆ ನಡೆದೆ. ಹತ್ತು ವರ್ಷದ ಮೇಲೆ ಮಾತಾಡುವವನಿಗೆ ಏನು ಹೇಳಬೇಕು? ತಂಬಾಕಿನ ಆಫೀಸಿನಲ್ಲಿ ಬಾಳು ಫೋನ್ ಎತ್ತಿದ ಕೂಡಲೇ ನನ್ನ ಬಾಯಿಂದ ಹೊರಟಿದ್ದು ಇಷ್ಟು: "ನಿನ್ನ ಇಪ್ಪತ್ತೆರಡೂ ಕಾಗದ ಮುಟ್ಟಿದವು."

"ಏನ್ ದಾಜಿ! ಇವತ್ತ ಮುಟ್ಟಿದವೇನ್ರಿ?" ಎಂದ.

ನಿಯಮ, ಕತ್ತರಿ, ಬುಟ್ಟಿ, ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಆಮೇಲೆ ಅವನು ನಕ್ಕ ನಗೆಗೆ ಬೂತಿನವನೂ ತಲೆಯೆತ್ತಿದ. "ಓದದನ ಕತ್ತರಸ್ತೀರಿ ಅಂತ ಯಾರಿಗೆ ಗೊತ್ತ್ರಿ? ಮೂರು ತಿಂಗಳಾತು, ನಿಮಗ ಸಿಟ್ಟು ಐತಿ ಅಂತ ನನ್ನ ಹೆಂಡತಿಗೆ ಹೇಳಿ ಹೇಳಿ ಸಾಕಾತು."

"ತಪ್ಪು ನಂದು" ಎಂದೆ. ಈ ಎರಡು ಪದಗಳನ್ನು ಒಟ್ಟಿಗೆ ಹಿಂದೆ ಎಂದಾದರೂ ಆಡಿದ್ದೆನೋ ಇಲ್ಲವೋ, ನೆನಪಿಲ್ಲ. "ಯಾವಾಗ ಬರ್ತಿ?"

"ಇವತ್ತ ಬರ್ತೀನಿ. ಅದಕ್ಕೇನರೆ ನೇಮ ಐತೇನ್ರಿ?"

ನಾಲ್ಕು ಗಂಟೆಗೆ ಬಂದ. ಕೂದಲು ನರೆತಿದೆ, ಹೊಟ್ಟೆ ಬಂದಿದೆ. ಸುಮಿತ್ರಾ ಕೈಕಾಲಿಗೆ ನೀರು ಕೊಟ್ಟಳು, ಚಹಾ ಕೊಟ್ಟಳು, ಅವನ ಬಾಯಿ ತೆರೆಸಿ ಹಲ್ಲು ಕಿತ್ತ ಜಾಗ ನೋಡಿದಳು. ಬಾಳು ಮಣೆಯ ಮುಂದೆ ನಿಂತು ತಲೆ ಕೆರೆದುಕೊಂಡ. ನಾನು ಕೂರು ಎಂದೆ. "ಊಹೂಂ ದಾಜಿ. ಇವತ್ತ ನಾ ಬಂದದ್ದು ಅಕ್ಕನ್ನ ಕರಿಯಾಕ" ಎಂದ. ಐದೂ ಕಾಲಿನ ಬಸ್ಸಿಗೆ ಇಬ್ಬರೂ ಹೊರಟರು. ಚೀಲ ಬಾಳುವಿನ ಹೆಗಲ ಮೇಲೆ, ಉಂಡಿಯ ಡಬ್ಬಿ ಸುಮಿತ್ರಾಳ ಕೈಯಲ್ಲಿ. ಬಸ್ಸಿನ ಕಿಟಕಿಯಿಂದ ಅವಳು ಆ ದಿನ ಮೊದಲ ಸಲ ನನ್ನ ಕಡೆ ನೇರವಾಗಿ ನೋಡಿ, "ಕರಿಯಾಕ ನೀವ ಬರ್ರಿ. ಈ ಸಲ ಹೋಳಿಗಿ ತಿಂದ ಏಳಬೇಕು" ಎಂದಳು.

ಮನೆಗೆ ಬಂದು, ಮರುದಿನ ಬೆಳಿಗ್ಗೆ ಶೋಭಕ್ಕನಿಗೆ ಕೊಡಲು ಉತ್ತರ ಬರೆಯಲು ಕುಳಿತೆ. ಒಂದೇ ಹಾಳೆ, ಎರಡು ಮಗ್ಗುಲು. ಅದಕ್ಕಿಂತ ಹೆಚ್ಚು ಬರೆಯಬಾರದೆಂದು ಆರನೆಯ ನಿಯಮ. ಇಪ್ಪತ್ತೆರಡು ಪತ್ರಗಳ ಕೆಳಭಾಗಗಳಿಗೆ ಕ್ರಮಸಂಖ್ಯೆ ಹಾಕಿ ಒಂದೊಂದಕ್ಕೂ ಉತ್ತರಿಸಿದೆ. ಒಂದು: ಹಲ್ಲಿಗೆ ಲವಂಗದ ಎಣ್ಣೆ ಒಳ್ಳೆಯದು (ಈಗ ಉಪಯೋಗವಿಲ್ಲ). ಏಳು: ಓಟದಲ್ಲಿ ಎರಡನೆಯ ಸ್ಥಾನ ಸಣ್ಣ ಮಾತಲ್ಲ, ಹುಡುಗಿಗೆ ನನ್ನ ಶಾಭಾಸ್ ಹೇಳು. ಹದಿಮೂರು: ಆ ಕುರಿಯ ವಿಷಯದಲ್ಲಿ ನೀನು ತೋರಿದ ದೊಡ್ಡತನ ತಡವಾಗಿ ತಿಳಿಯಿತು. ಇಪ್ಪತ್ತೆರಡು: ನಿನ್ನ ಅಕ್ಕ ಐದೂ ಕಾಲಿನ ಬಸ್ಸಿಗೆ ಬಂದಿದ್ದಾಳೆ, ಮುಟ್ಟಿದ್ದಕ್ಕೆ ಸಂಖ್ಯೆ ಬೇಡ.

ಹಾಳೆ ಅಂಚಿನವರೆಗೂ ತುಂಬಿತು. ನನ್ನ ಆ ದಿನದ ನಡೆಯನ್ನು ಬರೆಯಲು ಎಲ್ಲಿಯೂ ಜಾಗ ಉಳಿದಿರಲಿಲ್ಲ. ನಡೆಯಿಲ್ಲದ ಪತ್ರ ಕಳಿಸಿದವನ ಸರದಿ ತಪ್ಪುತ್ತದೆ, ಅದೂ ನಾನೇ ಬರೆದದ್ದು. ರಿಜಿಸ್ಟರ್ ತೆಗೆದು, ನನ್ನ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ "ಸರದಿ ತಪ್ಪಿದೆ, ಕಾರಣ: ಅಧಿಕ ಮಾತು" ಎಂದು ಬರೆದು, ಕೆಳಗೆ ಸಹಿ ಮಾಡಿ, ಏಳು ಗಂಟೆ ಹತ್ತು ನಿಮಿಷಕ್ಕೆ ಮುಚ್ಚಿದೆ.